ಎಡಕ್ಕೆಳೆಯುವ ಟ್ರ್ಯಾಕ್ಟರು

ನಮ್ಮ ಮನೆಯ 35 ಎಚ್‌ಪಿ ಟ್ರ್ಯಾಕ್ಟರಿಗೆ, ನನಗೆ ತಿಳಿವಳಿಕೆ ಬಂದಾಗಿನಿಂದಲೂ, ಎಡಗಡೆಗೆ ಹೋಗುವ ಚಟವಿದೆ. ಹಿರೇಕೆರೂರಿನ ಸಂತೆಗೆ ಹೊರಟರೆ ಅದು ದಾರಿಯುದ್ದಕ್ಕೂ ಎಡಬದಿಯ ಜಾಲಿ ಗಿಡಗಳನ್ನು ಮಾತನಾಡಿಸಲು ಹವಣಿಸುತ್ತಿತ್ತು. ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸುವವರೆಗೆ ಮುಂದಿನ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೂ ಅವೆರಡು ಒಮ್ಮತಕ್ಕೆ ಬರುತ್ತಿರಲಿಲ್ಲ. ಅಪ್ಪ ಇದಕ್ಕೆ ರಿಪೇರಿಯ ಬದಲು ಒಂದು ಪದ್ಧತಿಯನ್ನು ಕಂಡುಕೊಂಡಿದ್ದರು. ಆಯುಧಪೂಜೆಯ ದಿನ ಸ್ಟೇರಿಂಗಿಗೆ ಕಟ್ಟಿದ ಕೆಂಪು ಬಟ್ಟೆಯ ಗಂಟನ್ನು ಬಲಮೊಣಕಾಲಿನ ನೇರಕ್ಕೆ ತಂದು ಹಿಡಿದರೆ ಗಾಡಿ ನೆಟ್ಟಗೆ ಹೋಗುತ್ತದೆ ಎಂಬುದೇ ಆ ಪದ್ಧತಿ. ಈ ಗುಟ್ಟನ್ನು ತಿಳಿಯದೆ ಓಡಿಸಿದ ನೆಂಟರೊಬ್ಬರು ಗೊಬ್ಬರದ ಗುಂಡಿಯಲ್ಲಿ ಇಳಿದದ್ದುಂಟು.

ಕಳೆದ ವರ್ಷ ಮೃಗಶಿರಾ ಮಳೆಗೆ ಗೋವಿನಜೋಳ ಬಿತ್ತಿದಾಗ ಬಲಮೊಣಕಾಲು ಸಾಲದಾಯಿತು. ಹದಿನೈದು ದಿನಕ್ಕೆ ಪೈರು ಎದ್ದು ನಿಂತು, ಸಾಲುಗಳೆಲ್ಲ ಎಡಕ್ಕೆ ವಾಲಿ, ಮತ್ತೆ ತಪ್ಪಿನ ಅರಿವಾದಂತೆ ಬಲಕ್ಕೆ ಹೊರಳಿದ್ದನ್ನು ಊರಿಗೆಲ್ಲ ತೋರಿಸಿತು. ಎಡೆ ಹೊಡೆಯಲು ಬಂದವನು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿ, "ಇದನ್ನ ಎತ್ತುಗಳಿಗೆ ಯಾರು ತಿಳಿಸಿ ಹೇಳ್ತಾರ್ರೀ?" ಎಂದು ಕೇಳಿದ.

ಅಂದು ರಾತ್ರಿಯೇ ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ವಿಷಯವನ್ನು ಪೂರ್ತಿಯಾಗಿ ಅರಿತುಕೊಂಡೆ. ಮುಂದಿನ ಎರಡು ಟೈರುಗಳ ನಡುವಿನ ಅಂತರವನ್ನು ಗಾಲಿಯ ನಡುಮಟ್ಟದಲ್ಲಿ ಅಳೆದಾಗ, ಹಿಂಬದಿಗಿಂತ ಮುಂಬದಿಯ ಅಳತೆ ತುಸು, ಅಂದರೆ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರಿನಷ್ಟು, ಕಡಿಮೆ ಇರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಟೇಪಿನ ಒಂದು ತುದಿಯನ್ನು ನಾನೂ ಇನ್ನೊಂದನ್ನು ಹೆಂಡತಿಯೂ ಹಿಡಿದೆವು. ಟೈರಿನ ಮೂರು ಪಟ್ಟಿಗಳಲ್ಲಿ ಯಾವುದಕ್ಕೆ ಹಿಡಿಯಬೇಕೆಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮುಂದೆ ಹೊರಪಟ್ಟಿಗೂ ಹಿಂದೆ ನಡುಪಟ್ಟಿಗೂ ಹಿಡಿದ ಪರಿಣಾಮವಾಗಿ 52 ಮಿಲಿಮೀಟರ್ ವ್ಯತ್ಯಾಸ ಬಂದಿತು. ಇಷ್ಟು ದೊಡ್ಡ ರೋಗವನ್ನು ಇಷ್ಟು ಬೇಗ ಪತ್ತೆ ಹಚ್ಚಿದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮುಂದಿನ ಎರಡು ಗಾಲಿಗಳನ್ನು ಜೋಡಿಸುವ, ಉದ್ದವನ್ನು ಹೆಚ್ಚುಕಡಿಮೆ ಮಾಡಿ ಈ ಅಂತರವನ್ನು ಹೊಂದಿಸುವ ಟೈ ರಾಡಿನ ಲಾಕ್ ನಟ್ಟು ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಸುರಿದು, ಪಾನಾಕ್ಕೆ ಪೈಪು ಸಿಕ್ಕಿಸಿ, ಒಂದು ಗಂಟೆ ಜಗ್ಗಿದ ಮೇಲೆ, ರಾಡಿನ ಒಂದು ತುದಿಗೆ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವ ತಿರುಪು) ಇದ್ದರೆ ಇನ್ನೊಂದಕ್ಕೆ ಎಡಮರೆ ಇರುತ್ತದೆಂಬುದೂ, ಆ ಒಂದು ಗಂಟೆಯೂ ನಾನು ನಟ್ಟನ್ನು ಬಿಗಿಯುತ್ತಿದ್ದೆನೆಂಬುದೂ ಏಕಕಾಲಕ್ಕೆ ಹೊಳೆದವು. ಅಂತೂ ನಟ್ಟು ಸಡಿಲಾಯಿತು. ವಿಡಿಯೋದವನು ಹೇಳಿದಂತೆಯೇ ರಾಡನ್ನು ಗಿಡ್ಡ ಮಾಡಿದೆ. ಆದರೆ ಅವನ ಗಾಡಿಯಲ್ಲಿ ಟೈ ರಾಡು ಆಕ್ಸಲಿನ ಮುಂದಿತ್ತು, ನಮ್ಮದರಲ್ಲಿ ಹಿಂದಿತ್ತು. ಹಿಂದಿರುವುದನ್ನು ಗಿಡ್ಡ ಮಾಡಿದರೆ ಗಾಲಿಗಳ ಹಿಂಬದಿ ಹತ್ತಿರವಾಗಿ ಮುಂಬದಿ ಅಗಲವಾಗುತ್ತದೆ. ಗಾಡಿಯನ್ನು ಶೆಡ್ಡಿನಿಂದ ಹೊರತೆಗೆದಾಗ ಮುಂದಿನ ಗಾಲಿಗಳು ಬಾತುಕೋಳಿಯ ಪಾದಗಳಂತೆ ಹೊರಚಾಚಿ, ಅವ್ವ ಆಗಷ್ಟೇ ಸಗಣಿ ಹಾಕಿ ಸಾರಿಸಿದ್ದ ಅಂಗಳವನ್ನು ಎರಡು ಸಾಲಾಗಿ ಕೆರೆಯುತ್ತಾ ಹೊರಟವು. ಅವ್ವ ಬಾಗಿಲಲ್ಲಿ ನಿಂತು, "ಇಲ್ಲೇ ಬಿತ್ತೋ ವಿಚಾರ ಇದ್ರ ಬೀಜ ತರ್ತೀನಿ" ಎಂದರು.

ಕೊನೆಗೆ ಊರಿನ ಮುದುಕ ಮೇಸ್ತ್ರಿಯನ್ನು ಕರೆಸಬೇಕಾಯಿತು. ಆತ ಟೈ ರಾಡನ್ನು ಮುಟ್ಟಲೇ ಇಲ್ಲ. ಮೊದಲು ಗಾಳಿ ನೋಡಿದ: ಬಲಗಡೆ 30 ಪಾಯಿಂಟ್, ಎಡಗಡೆ 14. ನಾನು ಇಷ್ಟು ವರ್ಷ ಜಾತಕದೋಷವೆಂದು ತಿಳಿದದ್ದರಲ್ಲಿ ಅರ್ಧ ಪಾಲು ಪಂಪಿನಲ್ಲಿಯೇ ಇತ್ತು. ಬಳಿಕ ಆಕ್ಸಲಿಗೆ ಜಾಕ್ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ, ಟೈರಿನ ನೆತ್ತಿಗೊಂದು ಕೈ ಬುಡಕ್ಕೊಂದು ಕೈ ಕೊಟ್ಟು ಅಲ್ಲಾಡಿಸಿದಾಗ ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನು ಟಕ್ ಟಕ್ ಎಂದು ಸದ್ದು ಮಾಡಿತು. ಅದರ ಸುತ್ತಲಿನ ಬಳೆ, ಅಂದರೆ ಬುಷ್ಷು, ಸವೆದು ಹಾಳೆಯಾಗಿತ್ತು. ಟೈ ರಾಡಿನ ತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟು, ಬಟ್ಟಲಿನಲ್ಲಿ ಗೋಲಿಯಂತೆ ಆಡುತ್ತಿತ್ತು. "ಹಲ್ಲು ಅಲ್ಲಾಡುವಾಗ ಯಾರಾದ್ರೂ ಕ್ಲಿಪ್ ಹಾಕಿಸ್ತಾರೇನ್ರಿ?" ಎಂದು ನನ್ನ ಟೇಪನ್ನು ನೋಡಿ ಕೇಳಿದ.

ಬಾಲ್ ಜಾಯಿಂಟನ್ನು ಅವನು ಬಿಡಿಸಿದ ರೀತಿಯನ್ನು ನಾನು ಮರೆಯಲಾರೆ. ನಾನು ಹಿಂದಿನ ದಿನ ಮೇಲಿನಿಂದ ಬಡಿದು ಅದರ ಪಿನ್ನಿನ ಮರೆಯನ್ನು ಅಣಬೆಯ ತಲೆಯಂತೆ ಮಾಡಿಟ್ಟಿದ್ದೆ. ಅವನು ಪಿನ್ನಿನ ಗೊಡವೆಗೆ ಹೋಗದೆ, ಅದು ಕೂತಿದ್ದ ಕಣ್ಣಿನ ಎರಡೂ ಪಕ್ಕಕ್ಕೆ ಎರಡು ಸುತ್ತಿಗೆಗಳಿಂದ ಒಮ್ಮೆಲೇ ಹೊಡೆದ. ಎರಡನೆಯ ಪೆಟ್ಟಿಗೆ ಪಿನ್ನು ಮಾಗಿದ ನೇರಳೆ ಹಣ್ಣಿನಂತೆ ಕೆಳಗೆ ಬಿದ್ದಿತು.

ಹೊಸ ಬುಷ್ಷು, ಹೊಸ ಜಾಯಿಂಟು ಕೂತ ಮೇಲೆಯೇ ಅಳತೆ ನಡೆಯಿತು. ಟೈರುಗಳ ಮುಂಬದಿಯಲ್ಲಿ, ನಡುಪಟ್ಟಿಯ ಮೇಲೆ, ಸೀಮೆಸುಣ್ಣದಿಂದ ಗುರುತು ಹಾಕಿ ಅಳೆದು, ಅದೇ ಗುರುತು ಹಿಂಬದಿಗೆ ಬರುವವರೆಗೆ ಗಾಡಿಯನ್ನು ತಳ್ಳಿ ಮತ್ತೆ ಅಳೆದೆವು. ಹೀಗೆ ಮಾಡಿದರೆ ರಿಮ್ಮಿನ ಸೊಟ್ಟು ಲೆಕ್ಕಕ್ಕೆ ಬರುವುದಿಲ್ಲವಂತೆ. 5 ಮಿಲಿಮೀಟರಿಗೆ ನಿಲ್ಲಿಸಿ ನಟ್ಟು ಬಿಗಿದ. ನಾನು ಕೆರೆಯ ಏರಿಯವರೆಗೆ ಓಡಿಸಿ ನೋಡಿದೆ. ಕೈ ಬಿಟ್ಟರೂ ಗಾಡಿ ಜಾಲಿ ಗಿಡಗಳ ಕಡೆಗೆ ತಿರುಗಿಯೂ ನೋಡಲಿಲ್ಲ.

ಸಂಜೆ ಅಪ್ಪ ತಾವೂ ನೋಡುವುದಾಗಿ ಹತ್ತಿ ಕುಳಿತರು. ವಾಡಿಕೆಯಂತೆ ಕೆಂಪು ಬಟ್ಟೆಯ ಗಂಟನ್ನು ಬಲಮೊಣಕಾಲಿನ ನೇರಕ್ಕೆ ತಂದು, ಬಿಗಿಯಾಗಿ ಹಿಡಿದು, ಕ್ಲಚ್ಚು ಬಿಟ್ಟರು. ಗಾಡಿ ಅಷ್ಟೇ ವಿಧೇಯವಾಗಿ ಬಲಕ್ಕೆ ಹೊರಳಿ ದನದ ಬಾನಿಗೆ ಮೂತಿಯಿಟ್ಟು ನಿಂತಿತು. ಅಪ್ಪ ಇಳಿದು ಬಂದು, ಒಳ್ಳೆಯ ಗಾಡಿಯನ್ನು ಇಬ್ಬರೂ ಸೇರಿ ಕೆಡಿಸಿದಿರಿ ಎಂದರು. ಮೇಸ್ತ್ರಿ ಮಾತನಾಡದೆ ಗಂಟನ್ನು ಬಿಚ್ಚಿ, ಒಂದು ಗೇಣು ಆಚೆಗೆ ಸರಿಸಿ ಕಟ್ಟಿ, ಅದಕ್ಕೂ ಐವತ್ತು ರೂಪಾಯಿ ಇಸಿದುಕೊಂಡ.