ಕೊಡೆಯ ಕೆಳಗೆ ಎಣ್ಣೆಬಣ್ಣ

"ಒಂದು ಫೋಟೊ ಹೊಡ್ಕೊಂಡು ಮನೇಲಿ ಫ್ಯಾನ್ ಕೆಳಗೆ ಕೂತು ಮಾಡ್ಬೋದಲ್ವಾ ಸಾರ್?"

ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿನ ರಸ್ತೆ ಬದಿ ಈಸೆಲ್ (ಕ್ಯಾನ್‌ವಾಸ್ ಇಡುವ ಮುಕ್ಕಾಲಿ) ನಿಲ್ಲಿಸಿ ಗುಲ್‌ಮೊಹರ್ ಬರೆಯಲು ಹೊರಟವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಒಳ್ಳೆಯವರೇ. ಕೈಯಲ್ಲಿ ಎಳನೀರು ಹಿಡಿದು ನಿಜವಾದ ಕಾಳಜಿಯಿಂದಲೇ ಕೇಳುತ್ತಾರೆ. ಸಿಟ್ಟು ಬರುವುದು ಅವರು ನಿಂತ ಜಾಗದ ಮೇಲೆ: ಸರಿಯಾಗಿ ಮರಕ್ಕೆ ಅಡ್ಡ. ಇರಲಿ. ಆ ಪ್ರಶ್ನೆಯನ್ನು ಅವರಿಗೇ ಬಿಡೋಣ. ಮೊದಲು ಕೊಡೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಬೇಸಿಗೆಯಲ್ಲಿ ಹಾಳಾಗುವ ಚಿತ್ರಗಳಲ್ಲಿ ಅರ್ಧದಷ್ಟು ಹಾಳಾಗುವುದು ಕೊಡೆಯಿಂದ.

ಈ ಕೊಡೆ ಇರುವುದು ಕ್ಯಾನ್‌ವಾಸಿಗೆ. ಚಿತ್ರ ಬರೆಯುವವರ ತಲೆಗೆ ಅಗಲ ಅಂಚಿನ ಟೊಪ್ಪಿ ಸಾಕು. ನೆತ್ತಿಯ ಮೇಲಿನ ನೇರ ಬಿಸಿಲೆಂದರೆ ಸುಮಾರು 1 ಲಕ್ಷ ಲಕ್ಸ್ ಬೆಳಕು. ಟ್ಯೂಬ್‌ಲೈಟ್ ಉರಿಯುವ ನಡುಮನೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಬಿಸಿಲಿಗೆ ತೆರೆದ ಕ್ಯಾನ್‌ವಾಸಿನ ಮೇಲೆ ಎಂಥ ಮಂಕು ಬಣ್ಣವೂ ಹೊಳೆಯುತ್ತದೆ. ಕಣ್ಣು ಕುಕ್ಕುತ್ತದೆಂದು ಕೈ ತಾನಾಗಿಯೇ ಬಣ್ಣವನ್ನು ಕಪ್ಪಾಗಿಸುತ್ತಾ ಹೋಗುತ್ತದೆ. ಮನೆಗೆ ತಂದು ಗೋಡೆಗೆ ಒರಗಿಸಿ ನೋಡಿದರೆ ಬೆಳಗ್ಗೆ ಎಂಟರ ಮರ ಮುಸ್ಸಂಜೆಯದಾಗಿರುತ್ತದೆ. ಇನ್ನೂ ಕೆಟ್ಟದ್ದು, ಕ್ಯಾನ್‌ವಾಸ್ ನೆರಳಲ್ಲಿದ್ದು, ಬಣ್ಣ ಕಲಸುವ ಹಲಗೆ, ಅಂದರೆ ಪ್ಯಾಲೆಟ್, ಬಿಸಿಲಲ್ಲಿರುವುದು. ಕಲಸುವಾಗ ಕಂಡ ಬಣ್ಣ ಒಂದು, ಹಚ್ಚಿದಾಗ ಕಾಣುವುದು ಇನ್ನೊಂದು. ಆ ಚಿತ್ರ ಮುಗಿಯುವವರೆಗೂ ಮನುಷ್ಯ ತನ್ನ ಟ್ಯೂಬುಗಳನ್ನೇ ಅನುಮಾನಿಸುತ್ತಾನೆ. ಎರಡೂ ಒಂದೇ ನೆರಳಲ್ಲಿರಬೇಕು.

ನೆರಳು ಬೇಕೆಂದು ಸಿಕ್ಕ ಕೊಡೆ ಬಿಚ್ಚುವಂತಿಲ್ಲ. ಕೆಂಪು ಕೊಡೆಯ ಬಟ್ಟೆಯಿಂದ ಸೋಸಿ ಬಂದ ಬೆಳಕು ಪ್ಯಾಲೆಟ್ಟಿನ ಮೇಲೆಲ್ಲ ಕೆಂಪು ಹರಡುತ್ತದೆ. ಮರವಿರುವುದು ಮಾತ್ರ ಬಿಳಿ ಬಿಸಿಲಿನಲ್ಲಿ. ಎರಡನ್ನೂ ಹೊಂದಿಸಲು ಹೋಗಿ ಕೆಂಪು ಕಡಿಮೆ ಹಾಕುತ್ತೀರಿ. ಮನೆಯಲ್ಲಿ ನೋಡಿದರೆ ಇಡೀ ಚಿತ್ರ ಹಸಿರು ಹೊಡೆಯುತ್ತಿರುತ್ತದೆ. ನೀಲಿ ಕೊಡೆಯಡಿ ಇದರ ತಿರುಗು: ಚಿತ್ರಕ್ಕೆಲ್ಲ ಅರಿಶಿನ ಬಳಿದಂತೆ. ನೀಲಿ ಟಾರ್ಪಾಲಿನ ಕೆಳಗೆ ಕೂತವರ ಗತಿಯೂ ಅದೇ. ಬಿಳಿ ಕೊಡೆ ಬಣ್ಣ ಕೆಡಿಸುವುದಿಲ್ಲ, ಆದರೆ ತೆಳು ಬಟ್ಟೆಯದಾದರೆ ನಮ್ಮ ಬಿಸಿಲನ್ನು ತಡೆಯುವುದೂ ಇಲ್ಲ. ಎಲ್ಲಕ್ಕಿಂತ ಸಿಟ್ಟು ಬರಿಸುವುದು ಈಗ ಅಂಗಡಿ ತುಂಬ ಸಿಗುವ, ಒಳಗಡೆ ಬೆಳ್ಳಿ ಲೇಪ ಬಳಿದ ಮಡಿಸುವ ಕೊಡೆ. ಬಿಸಿಲು ನೆಲಕ್ಕೆ ಬಡಿದು ಮೇಲೆದ್ದು, ಆ ಬೆಳ್ಳಿಗೆ ತಾಗಿ, ಹಸಿಬಣ್ಣದ ಎಣ್ಣೆಯ ಮೇಲೆ ಮಿರುಗುತ್ತದೆ. ಏನು ಬರೆದಿದ್ದೇವೆಂದು ನೋಡಲು ಕತ್ತು ಓರೆ ಮಾಡಿಕೊಂಡೇ ಇರಬೇಕು.

ಇದಕ್ಕೆಲ್ಲ ಪರಿಹಾರ ಅಜ್ಜಂದಿರ ಕಾಲದ ಉದ್ದ ಕಾವಿನ ಕರಿ ಬಟ್ಟೆ ಕೊಡೆ. ಬೆಳಕನ್ನು ಸೋಸುವುದಿಲ್ಲ, ಪ್ರತಿಫಲಿಸುವುದಿಲ್ಲ. ಕೆಳಗೆ ಸೆಕೆ, ಒಪ್ಪಿದೆ. ಅಂಗಿಯೂ ಬೂದು ಅಥವಾ ಕಪ್ಪಿರಲಿ: ಬಿಸಿಲಲ್ಲಿ ನಿಂತವರ ಕೆಂಪಂಗಿ ಎದುರಿನ ಕ್ಯಾನ್‌ವಾಸಿಗೆ ಕೆಂಪು ಚೆಲ್ಲುತ್ತದೆ. ಹೊಂಗೆ ಮರದಡಿ ಕೂತರೆ ಕೊಡೆಯ ಗೊಡವೆಯೇ ಇಲ್ಲ ಎನ್ನುವವರಿದ್ದಾರೆ. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಕ್ಯಾನ್‌ವಾಸಿನ ಮೇಲೆ ಓಡಾಡುವಾಗ ಅವರು ಏನನ್ನು ನೋಡಿ ಬಣ್ಣ ಹಚ್ಚುತ್ತಾರೋ ತಿಳಿಯದು.

ಇನ್ನು ಗಾಳಿಯದೊಂದು ಬಾಕಿ ಇದೆ. ಕೊಡೆಯನ್ನು ಈಸೆಲ್ಲಿಗೇ ಕಟ್ಟುವ ಕ್ಲ್ಯಾಂಪುಗಳು ಸಿಗುತ್ತವೆ, ಕೊಳ್ಳಬೇಡಿ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಕಳೆಯುತ್ತಲೇ ಮೋಡ ಕಟ್ಟಿ ಮಳೆಗೆ ಮುಂಚಿನ ಗಾಳಿ ಏಳುತ್ತದೆ. ಕೊಡೆ ಎದ್ದರೆ ಈಸೆಲ್ಲೂ ಏಳುತ್ತದೆ, ಚಿತ್ರ ಮಣ್ಣಿಗೆ ಮುಖ ಮಾಡಿ ಬೀಳುತ್ತದೆ. ಕೊಡೆಗೆ ಬೇರೆ ಗಳು ಬೇಕು. ಮಣ್ಣಿನ ನೆಲವಾದರೆ ಹಾರೆಯಲ್ಲಿ ಒಂದಡಿ ಗುಣಿ ತೋಡಿ ಬಿದಿರು ಹೂಳಿ, ಕೊಡೆಯ ಕಾವನ್ನು ಸುತಲಿಯಿಂದ ಎರಡು ಕಡೆ ಬಿಗಿಯಿರಿ. ಫುಟ್‌ಪಾತ್ ಆದರೆ ಹೂವಿನವರ ಉಪಾಯವೇ ಗತಿ: ಹಳೇ ಡಬ್ಬಕ್ಕೆ ಸಿಮೆಂಟ್ ತುಂಬಿ ನಡುವೆ ಪೈಪು ನಿಲ್ಲಿಸಿದ್ದು. ಈಸೆಲ್ಲಿನ ಮೂರು ಕಾಲು ಸೇರುವಲ್ಲಿ 2 ಲೀಟರಿನ ನೀರಿನ ಬಾಟಲಿ ತೂಗುಹಾಕಿ. ನೀರು ಕುಡಿದಂತೆಲ್ಲ ಭಾರ ಕಡಿಮೆಯಾಗುತ್ತದೆ, ಅದಕ್ಕೆ ಒಂದು ಚೀಲ ಕಲ್ಲೇ ವಾಸಿ.

ಬೆಂಗಳೂರಿನ ಹೂಬಿಟ್ಟ ಮರಗಳನ್ನು ಸ್ಥಳದಲ್ಲೇ ಬರೆದು ಹೆಸರಾದವರು ರುಮಾಲೆ ಚನ್ನಬಸವಯ್ಯ (1910–1988). ಅವರ ಗುಲ್‌ಮೊಹರ್ ನೋಡಿ ಉಮೇದು ಬಂದವರು ಮೊದಲು ಎಡವುವುದು ಆ ಕೆಂಪಿನಲ್ಲಿ. ಬಿಸಿಲು ಬಿದ್ದ ಹೂವಿಗೆ ಬೆಳಕು ಬೇಕೆಂದು ಕೆಂಪಿಗೆ ಟೈಟಾನಿಯಂ ವೈಟ್ ಬೆರೆಸುತ್ತಾರೆ, ಮರ ಗುಲಾಬಿಯಾಗುತ್ತದೆ. ಬೆಳಕಿನ ಕಡೆಗೆ ಕ್ಯಾಡ್ಮಿಯಂ ರೆಡ್ಡಿಗೆ ಕ್ಯಾಡ್ಮಿಯಂ ಹಳದಿ ಚೂರು ಸೇರಿಸಿ, ನೆರಳಿನ ಕಡೆಗೆ ಕಡುಗೆಂಪಿನ ಅಲಿಜರಿನ್ ಕ್ರಿಮ್ಸನ್ನಿಗೆ ಅಲ್ಟ್ರಾಮರೀನ್ ನೀಲಿಯ ಸೋಂಕು ಕೊಟ್ಟರೆ ಸಾಕು. ಹೊಳಪು ಬರುವುದು ಪಕ್ಕದ ಮಬ್ಬು ಹಸಿರಿನಿಂದ. ಆ ಹಸಿರನ್ನು ಟ್ಯೂಬಿನಿಂದ ನೇರ ಹಿಂಡಬಾರದು, ಅಲ್ಟ್ರಾಮರೀನ್ ಮತ್ತು ಯೆಲ್ಲೊ ಆಕರ್ (ಮಣ್ಣುಹಳದಿ) ಕಲಸಿ, ಬರ್ಂಟ್ ಸಿಯೆನ್ನಾದಿಂದ (ಕೆಂಗಂದು) ಅದರ ಸೊಕ್ಕು ಇಳಿಸಬೇಕು. ಕ್ಯಾನ್‌ವಾಸಿನ ಬಿಳಿಯನ್ನೂ ಹಿಂದಿನ ದಿನವೇ ತೆಳು ಸಿಯೆನ್ನಾ ಒರೆಸಿ ಕೊಂದಿರಬೇಕು. 8×10 ಇಂಚಿಗಿಂತ ದೊಡ್ಡದು ಬೇಡ. ಬೆಳಕು ಅಷ್ಟು ಹೊತ್ತು ಕಾಯುವುದಿಲ್ಲ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಆರೂವರೆಗೆ ಶುರು ಮಾಡಿದರೆ ಮೊದಲ ಕಾಲು ಗಂಟೆಯಲ್ಲಿ ನೆರಳುಗಳ ಆಕಾರವನ್ನೆಲ್ಲ ತೆಳು ಬಣ್ಣದಲ್ಲಿ ಕೂರಿಸಿಬಿಡಬೇಕು, ಆಮೇಲೆ ನೆರಳು ಎಲ್ಲಿಗೆ ಹೋದರೂ ಅದರ ಬೆನ್ನು ಹತ್ತಬಾರದು. ಎಂಟೂವರೆಗೆ ಮಡಚುವುದು. ಮಧ್ಯಾಹ್ನದ ಚಿತ್ರ ಬೇಕೆಂದು ಹಟ ಹಿಡಿಯುವವರು ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಹನ್ನೆರಡು ಕಾಲರ ಹೊತ್ತಿಗೆ ಹೊರಗೆ ನಿಂತು ನೋಡಲಿ: ನೇರ ನಿಂತ ಕಂಬಕ್ಕೆ ನೆರಳೇ ಇಲ್ಲ. ಉತ್ತರಕ್ಕೆ ಹೋದಂತೆ ಆ ದಿನ ಮುಂದೆ ಸರಿದು ಕಲಬುರಗಿಗೆ ಮೇ ಎರಡನೇ ವಾರದಲ್ಲಿ ಬರುತ್ತದೆ. ನೆರಳಿಲ್ಲದ ಮೇಲೆ ಮರದ ದುಂಡು ಕಾಣಿಸುವುದು ಯಾತರಿಂದ?

ಹುಳಗಳ ಬಗ್ಗೆ ದೂರಬೇಕಾಗಿಲ್ಲ. ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರವೊಂದು ಅಮೆರಿಕದ ಕಾನ್ಸಾಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಮ್ಮಿನಲ್ಲಿದೆ. 2017ರಲ್ಲಿ ಅದರ ಬಣ್ಣದೊಳಗೆ ಮಿಡತೆಯೊಂದರ ತುಣುಕು ಸಿಕ್ಕಿತು. ಎದೆ ಹೊಟ್ಟೆ ಎರಡೂ ಇರಲಿಲ್ಲ. ಸುತ್ತಲಿನ ಬಣ್ಣದಲ್ಲಿ ಒದ್ದಾಡಿದ ಗುರುತೂ ಇರಲಿಲ್ಲ, ಸತ್ತ ಮೇಲೆಯೇ ಬಂದು ಅಂಟಿಕೊಂಡದ್ದಂತೆ. ನಮ್ಮಲ್ಲಿ ಬರುವ ನೊಣ, ರೆಕ್ಕೆ ಇರುವೆಗಳು ಜೀವಂತ ಬಂದು ಆಕಾಶದ ತುಂಬ ನಡೆದಾಡುತ್ತವೆ. ಹಸಿಯಲ್ಲಿ ಕೀಳಲು ಹೋದರೆ ಎರಡಿಂಚು ಆಕಾಶ ಕಲಸಿಹೋಗುತ್ತದೆ. ಬಿಟ್ಟುಬಿಡಿ, ಒಣಗಿದ ಮೇಲೆ ನೈಫಿನ ತುದಿಯಲ್ಲಿ ತಟ್ಟಿದರೆ ಉದುರುತ್ತದೆ.

ಒಣಗುವುದು ಎಂದೆನಲ್ಲ, ಇಷ್ಟು ಬಿಸಿಲಿಗೆ ಸಂಜೆಯೊಳಗೆ ಒಣಗುತ್ತದೆ ಎಂದುಕೊಂಡವರೇ ಹೆಚ್ಚು. ಬಿಸಿಲಿಗೆ ಆರಿಹೋಗುವುದು ಬಣ್ಣ ತೆಳುವಾಗಿಸಲು ಬೆರೆಸುವ ಟರ್ಪೆಂಟೈನ್ ಮಾತ್ರ. ಬಣ್ಣದೊಳಗಿನ ಅಗಸೆ ಎಣ್ಣೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕಡುಕಂದಿನ ಬರ್ಂಟ್ ಅಂಬರ್ ಅದರಲ್ಲಿರುವ ಮ್ಯಾಂಗನೀಸಿನ ದೆಸೆಯಿಂದ ಒಂದೆರಡು ದಿನಕ್ಕೆ ಬಿಗಿದರೆ, ದಪ್ಪಗೆ ಹಚ್ಚಿದ ಕ್ಯಾಡ್ಮಿಯಂ ಕೆಂಪು ವಾರ ಕಳೆದರೂ ಅಂಟುತ್ತಿರುತ್ತದೆ. ಟರ್ಪೆಂಟೈನ್ ದುಬಾರಿ ಎಂದು ಸೀಮೆಎಣ್ಣೆ ಬೆರೆಸುವ ಬುದ್ಧಿವಂತರಿದ್ದಾರೆ. ಅದು ನಿಧಾನಕ್ಕೆ ಆರಿ ಜಿಡ್ಡು ಉಳಿಸುತ್ತದೆ, ಬಣ್ಣ ಹಿಡಿಯುವುದಿಲ್ಲ. ಅದನ್ನು ಬ್ರಷ್ ತೊಳೆಯಲು ಇಟ್ಟುಕೊಳ್ಳಲಿ, ಚಿತ್ರಕ್ಕಲ್ಲ. ಇನ್ನು ಬ್ರಷ್ ಒರೆಸಿದ ಬಟ್ಟೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಕಟ್ಟಿ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೆ ಒಳಗೇ ಕಾವು ಏರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿ.

ಮನೆಗೆ ಒಯ್ಯುವುದಕ್ಕೆ ಒಂದೇ ಅಳತೆಯ ಎರಡು ಕ್ಯಾನ್‌ವಾಸ್ ಇರಲಿ. ಮುಖಕ್ಕೆ ಮುಖ ಮಾಡಿ, ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಕೊಟ್ಟು, ದಾರ ಬಿಗಿದು ಹಿಡಿದರೆ ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲೂ ಬಣ್ಣ ಯಾರ ಪಂಚೆಗೂ ಮೆತ್ತುವುದಿಲ್ಲ. ಗಂಡಾಂತರವಿರುವುದು ಮನೆಗೆ ಬಂದ ಮೇಲೆ. ನೆಂಟರು "ಒಣಗಿದೆಯಾ?" ಎಂದು ಬಾಯಲ್ಲಿ ಕೇಳುವ ಹೊತ್ತಿಗೆ ಬೆರಳು ಗುಲ್‌ಮೊಹರಿನ ದಪ್ಪ ಕೆಂಪಿನೊಳಗಿರುತ್ತದೆ. ಆ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಸೋಪು ಹಚ್ಚಿ ತೊಳೆಯಲು ಹೇಳಿ. ಟರ್ಪೆಂಟೈನ್ ಕೊಡಬೇಡಿ, ಚರ್ಮ ಉರಿಯುತ್ತದೆ, ಕೊಡಬೇಕೆಂದು ಮನಸ್ಸಾದರೂ ಸಹ.