ಪರ–ವಿರೋಧ: ಚರ್ಚಿನ ಮತ ಕ್ಯಾಸಿನೊ ಮಾಲೀಕರಿಗೆ ಸಲ್ಲಬೇಕಿತ್ತೇ?

ಮೂರು ಮದುವೆ, ಅಟ್ಲಾಂಟಿಕ್ ಸಿಟಿಯಲ್ಲಿ ಕ್ಯಾಸಿನೊಗಳು, 2004ರಿಂದ ಟಿವಿಯಲ್ಲಿ ‘ದಿ ಅಪ್ರೆಂಟಿಸ್’ ರಿಯಾಲಿಟಿ ಶೋ. ಇಂಥ ಹಿನ್ನೆಲೆಯ ನ್ಯೂಯಾರ್ಕ್ ಉದ್ಯಮಿ ಡೊನಾಲ್ಡ್ ಟ್ರಂಪ್ 2016ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಅಲ್ಲಿನ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ನೂರಕ್ಕೆ 80ರಷ್ಟು ಮಂದಿ ಅವರಿಗೇ ಮತ ಹಾಕಿದರು ಎಂದು ಮತಗಟ್ಟೆ ಸಮೀಕ್ಷೆಗಳು ಹೇಳಿದವು. ಬೈಬಲ್ಲೇ ಕೊನೆಯ ಮಾತು ಎನ್ನುವ, ಗರ್ಭಪಾತವೆಂದರೆ ಜೀವಹತ್ಯೆ ಎಂದು ನಂಬುವ ಸಮುದಾಯ ಅದು. ಆ ಮತ ಸರಿಯಿತ್ತೇ? ಎರಡು ಉತ್ತರಗಳು ಇಲ್ಲಿವೆ. ವಿರೋಧದ ಬರಹ ಪರದ ಬರಹವನ್ನು ಓದಿಕೊಂಡೇ ಬರೆದದ್ದು.

ಪರ: ಆರಿಸಬೇಕಿದ್ದದ್ದು ಪಾದ್ರಿಯನ್ನಲ್ಲ

ಈ ಮತದಾರರು ಟ್ರಂಪ್ ಹಿಂದೆ ಕಣ್ಣು ಮುಚ್ಚಿಕೊಂಡು ಓಡಿದವರಲ್ಲ. 2016ರ ಫೆಬ್ರುವರಿ 1ರಂದು ಅಯೋವಾ ಕಾಕಸ್‌ನಲ್ಲಿ, ಅಂದರೆ ರಿಪಬ್ಲಿಕನ್ನರ ಪೈಕಿ ಚರ್ಚಿಗೆ ಹೋಗುವವರದ್ದೇ ಕೈ ಮೇಲಿರುವ, ಪಕ್ಷದ ಅಭ್ಯರ್ಥಿ ಆಯ್ಕೆಯ ಮೊದಲ ಸುತ್ತಿನಲ್ಲಿ, ಗೆದ್ದವರು ಪಾಸ್ಟರ್ ಒಬ್ಬರ ಮಗ ಟೆಡ್ ಕ್ರೂಜ್. ಟ್ರಂಪ್ ಎರಡನೆಯವರು. ಮೇ 3ರಂದು ಇಂಡಿಯಾನಾದಲ್ಲಿ ಸೋತು ಕ್ರೂಜ್ ಕಣ ಬಿಟ್ಟ ಮೇಲೆ ಪ್ರಶ್ನೆಯೇ ಬದಲಾಯಿತು. ಒಳ್ಳೆಯ ಕ್ರೈಸ್ತ ಯಾರು ಎಂಬುದು ಹೋಗಿ, ಟ್ರಂಪ್ ಅಥವಾ ಹಿಲರಿ ಕ್ಲಿಂಟನ್ ಎಂಬುದಷ್ಟೇ ಉಳಿಯಿತು.

ಅಷ್ಟರಲ್ಲಿ ಇನ್ನೊಂದು ಘಟನೆ ನಡೆದುಹೋಗಿತ್ತು. ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಟೆಕ್ಸಸ್‌ನಲ್ಲಿ ತೀರಿಕೊಂಡರು. ಒಂಬತ್ತು ಜನರ ಪೀಠ, ನೇಮಕವಾದರೆ ಜೀವಮಾನಪೂರ್ತಿ. ಸಲಿಂಗ ವಿವಾಹಕ್ಕೆ ದೇಶಾದ್ಯಂತ ಮಾನ್ಯತೆ ಕೊಟ್ಟ 2015ರ ಜೂನ್ ತೀರ್ಪು 5–4. ಗರ್ಭನಿರೋಧಕಗಳ ವಿಮೆ ವಿಚಾರದಲ್ಲಿ ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಕ್ರೈಸ್ತ ಮಾಲೀಕರ ಪರ ಬಂದ 2014ರ ತೀರ್ಪೂ 5–4, ಆ ಐವರಲ್ಲಿ ಸ್ಕಾಲಿಯಾ ಒಬ್ಬರು. ಅವರ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಮುಂದಿನ ಎರಡು ಮೂರು ದಶಕ ನಿಂತಿತ್ತು. ಒಬಾಮ ನಾಮಕರಣ ಮಾಡಿದ ಮೆರಿಕ್ ಗಾರ್ಲೆಂಡ್ ಅವರನ್ನು ಸೆನೆಟ್ ವಿಚಾರಣೆಗೇ ಕರೆಯದೆ ಕೂಡಿಹಾಕಿದ್ದರಿಂದ, ತೀರ್ಮಾನ ನೇರವಾಗಿ ಮತಗಟ್ಟೆಗೆ ಬಂದು ಬಿತ್ತು.

ಸಭ್ಯರನ್ನು ನಂಬಿ ಈ ಜನ ಕಂಡದ್ದೇನು? 1976ರಲ್ಲಿ ಭಾನುವಾರದ ಶಾಲೆಯಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ಜಿಮ್ಮಿ ಕಾರ್ಟರ್ ಅವರನ್ನು ಮೆಚ್ಚಿ ಮತ ಕೊಟ್ಟವರು ಬಹಳ. ನಾಲ್ಕೇ ವರ್ಷಕ್ಕೆ ಭ್ರಮನಿರಸನವಾಗಿ, ವಿಚ್ಛೇದಿತ ಹಾಲಿವುಡ್ ನಟ ರೊನಾಲ್ಡ್ ರೇಗನ್ ಅವರ ಬೆನ್ನಿಗೆ ನಿಂತರು. (ಹಾಗಾಗಿ 2016ರಲ್ಲಿ ಮೊದಲ ಬಾರಿಗೆ ಮಡಿ ಕೆಟ್ಟಿತು ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡಬೇಕು.) ರೇಗನ್ ನೇಮಿಸಿದ ಸಾಂಡ್ರಾ ಡೇ ಓಕಾನರ್ ಮತ್ತು ಆಂಟನಿ ಕೆನಡಿ, ದೊಡ್ಡ ಬುಷ್ ನೇಮಿಸಿದ ಡೇವಿಡ್ ಸೂಟರ್ – ಈ ಮೂವರೇ ಸೇರಿ 1992ರ ಕೇಸಿ ಪ್ರಕರಣದಲ್ಲಿ ಗರ್ಭಪಾತದ ಹಕ್ಕನ್ನು ಉಳಿಸಿದ ತೀರ್ಪು ಬರೆದರು. ಮೂವರೂ ರಿಪಬ್ಲಿಕನ್ ಅಧ್ಯಕ್ಷರ ಆಯ್ಕೆ. ಚುನಾವಣೆಗೆ ಮುಂಚೆ ಜೀವದ ಪಾವಿತ್ರ್ಯದ ಮಾತು, ಗೆದ್ದ ಮೇಲೆ ಕೈಗೆ ಚಿಪ್ಪು. ಇದು ಅವರ ಅನುಭವ.

ಟ್ರಂಪ್ ಮಾತು ಕೊಡಲಿಲ್ಲ, ಪಟ್ಟಿ ಕೊಟ್ಟರು. 2016ರ ಮೇ 18ರಂದು 11 ನ್ಯಾಯಾಧೀಶರ ಹೆಸರು. ಸೆಪ್ಟೆಂಬರ್‌ನಲ್ಲಿ ಇನ್ನಷ್ಟು ಸೇರಿಸಿ 21. ಸುಪ್ರೀಂ ಕೋರ್ಟಿಗೆ ಇವರಲ್ಲೇ ಒಬ್ಬರು ಎಂದು ಬರಹದಲ್ಲಿ ಕೊಟ್ಟ ಅಭ್ಯರ್ಥಿ ಅಮೆರಿಕದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಈ ಮನುಷ್ಯನ ನಾಲಿಗೆಯನ್ನು ನಂಬುವ ಹಾಗಿಲ್ಲ ಎಂದು ಟ್ರಂಪ್ ಅವರಿಗೂ ಗೊತ್ತಿತ್ತು, ಈ ಮತದಾರರಿಗೂ ಗೊತ್ತಿತ್ತು. ಅದಕ್ಕೇ ಕಾಗದ ಬೇಕಾಯಿತು. ಜುಲೈನಲ್ಲಿ ಇಂಡಿಯಾನಾದ ಗವರ್ನರ್, ಇವಾಂಜೆಲಿಕಲ್ ನಂಬಿಕೆಯ ಮೈಕ್ ಪೆನ್ಸ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಕರೆತಂದದ್ದು ಆ ಕಾಗದಕ್ಕೆ ಹಾಕಿದ ಸಾಕ್ಷಿ ಸಹಿ.

ಅಕ್ಟೋಬರ್ 19ರ ಲಾಸ್ ವೇಗಸ್ ಚರ್ಚೆಯನ್ನು ನೋಡಿದವರಿಗೆ ಉಳಿದ ಅನುಮಾನವೂ ತೀರಿತು. ನಿರೂಪಕ ಕ್ರಿಸ್ ವಾಲೆಸ್ ನೇರವಾಗಿ ಕೇಳಿದರು: ದೇಶಾದ್ಯಂತ ಗರ್ಭಪಾತದ ಹಕ್ಕು ಕೊಟ್ಟ 1973ರ ರೋ ತೀರ್ಪು ರದ್ದಾಗಬೇಕೇ? ತಾವು ನೇಮಿಸುವ ನ್ಯಾಯಮೂರ್ತಿಗಳಿಂದ ಅದು ತಾನಾಗಿಯೇ ಆಗುತ್ತದೆ ಎಂದರು ಟ್ರಂಪ್. ಕ್ಲಿಂಟನ್ ರೋ ತೀರ್ಪನ್ನು ಸಮರ್ಥಿಸಿಕೊಂಡರು, ತಾಯಿಯ ಜೀವ, ಆರೋಗ್ಯಕ್ಕೆ ವಿನಾಯಿತಿ ಇಲ್ಲದೆ ತುಂಬು ಬಸಿರಿನ ಗರ್ಭಪಾತಕ್ಕೆ ತಡೆ ಹಾಕುವುದನ್ನು ಒಪ್ಪಲಿಲ್ಲ. ಭ್ರೂಣಕ್ಕೆ ಜೀವವಿದೆ ಎಂದು ನಿಜವಾಗಿ ನಂಬಿದವರು ಆ ರಾತ್ರಿ ಬೇರೆ ಯಾವ ತೀರ್ಮಾನಕ್ಕೆ ಬರಬೇಕಿತ್ತು ಎಂದು ಯಾರಾದರೂ ನನಗೆ ಹೇಳಲಿ.

ಇನ್ನು ಚಾರಿತ್ರ್ಯ. ಅಕ್ಟೋಬರ್ 7ರಂದು ಹೊರಬಿದ್ದ, 2005ರಲ್ಲಿ ರೆಕಾರ್ಡ್ ಆದ ಟೇಪಿನಲ್ಲಿ ಹೆಂಗಸರ ಬಗ್ಗೆ ಟ್ರಂಪ್ ಆಡಿದ ಮಾತು ಹೊಲಸು. ಸಮರ್ಥನೆ ಬೇಡ. ಆದರೆ ಜಮೀನಿನ ಕೇಸು ಕೋರ್ಟಿನಲ್ಲಿರುವಾಗ ವಕೀಲರು ಸಂಜೆ ಎಲ್ಲಿ ಕೂರುತ್ತಾರೆ ಎಂದು ಕಕ್ಷಿದಾರ ಕೇಳುವುದಿಲ್ಲ, ವಾದ ಮಾಡಿ ಗೆಲ್ಲಿಸುತ್ತಾರಾ ಎಂದು ಕೇಳುತ್ತಾನೆ. ಯೆಹೂದ್ಯರನ್ನು ಬಾಬಿಲೋನಿನ ಸೆರೆಯಿಂದ ಬಿಡಿಸಿದ ಪಾರಸಿಯ ಅರಸ ಕೋರೆಷನಿಗೆ ಟ್ರಂಪ್ ಅವರನ್ನು ಹೋಲಿಸಿ, ಆ ಅರಸನ ಹೆಸರಿರುವ ಬೈಬಲ್ಲಿನ ಯೆಶಾಯನ ಗ್ರಂಥದ 45ನೇ ಅಧ್ಯಾಯಕ್ಕೂ 45ನೇ ಅಧ್ಯಕ್ಷರಿಗೂ ಗಂಟು ಹಾಕಿದ ಪ್ರಚಾರಕರೂ ಇದ್ದರು. ನನ್ನ ವಾದಕ್ಕೆ ಆ ಗಂಟು ಬೇಕಿಲ್ಲ. ದೇವರ ಆಯ್ಕೆ ಎನ್ನುವ ಅಗತ್ಯವೇ ಇಲ್ಲ, ಮತದಾರರ ಆಯ್ಕೆ ಎಂದರೆ ಸಾಕು.

ಮನೆಯಲ್ಲೇ ಕೂತಿದ್ದರೆ ಆಗುತ್ತಿರಲಿಲ್ಲವೇ ಎನ್ನುವವರಿಗೆ: ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಗೆಲುವಿನ ಅಂತರ 80 ಸಾವಿರಕ್ಕಿಂತ ಕಡಿಮೆ. ಫಲ ಏನಾಯಿತು? ಸುಪ್ರೀಂ ಕೋರ್ಟಿಗೆ 2017ರಲ್ಲಿ ಗೋರ್ಸಚ್, 2018ರಲ್ಲಿ ಕ್ಯಾವನಾ, 2020ರಲ್ಲಿ ಬ್ಯಾರೆಟ್. 2022ರ ಜೂನ್ 24ರಂದು ರೋ ತೀರ್ಪು ಬಿದ್ದುಹೋಯಿತು. ಈ ಮೂವರೂ ಆ ತೀರ್ಮಾನದ ಪರ. ಮೂರು ದಿನ ಬಿಟ್ಟು, ಆಟದ ಮೈದಾನದಲ್ಲಿ ಪ್ರಾರ್ಥಿಸಿದ ಶಾಲಾ ಫುಟ್‌ಬಾಲ್ ಕೋಚ್ ಪರವಾಗಿಯೂ ಅದೇ ಕೋರ್ಟು ನಿಂತಿತು. 49 ವರ್ಷ ಪಾದ್ರಿಗಳೂ ಸಜ್ಜನ ರಾಜಕಾರಣಿಗಳೂ ಸೇರಿ ಮಾಡಲಾಗದ್ದನ್ನು ಕ್ಯಾಸಿನೊ ಮಾಲೀಕರಾಗಿದ್ದವರ ಮೂರು ನೇಮಕಗಳು ಮಾಡಿದವು.

ವಿರೋಧ: ಮತದ ಜೊತೆಗೆ ಇನ್ನೇನೇನು ಕೊಟ್ಟರು

ವಕೀಲರ ಹೋಲಿಕೆ ಓದಲು ಚೆನ್ನಾಗಿದೆ. ಆದರೆ ಕೇಸು ಗೆಲ್ಲಿಸುವ ವಕೀಲರನ್ನು ಯಾರೂ ಚರ್ಚಿನ ವೇದಿಕೆಗೆ ಹತ್ತಿಸಿ, ಇವರ ಬದುಕು ನೋಡಿ ಕಲಿಯಿರಿ ಎಂದು ಮಕ್ಕಳಿಗೆ ಹೇಳುವುದಿಲ್ಲ.

2016ರ ಜನವರಿ 18, ವರ್ಜೀನಿಯಾದ ಲಿಂಚ್‌ಬರ್ಗ್, ಲಿಬರ್ಟಿ ವಿಶ್ವವಿದ್ಯಾಲಯ. ಅಮೆರಿಕದ ಇವಾಂಜೆಲಿಕಲ್ ರಾಜಕೀಯದ ತವರು ಎನ್ನಬಹುದಾದ ಜಾಗ. ಸಂಸ್ಥಾಪಕ ಜೆರಿ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದವರು. ಅವತ್ತು ಟ್ರಂಪ್ ಅವರನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಿದವರು ಮಗ ಜೆರಿ ಫಾಲ್ವೆಲ್ ಜೂನಿಯರ್. ಮರವನ್ನು ಅದರ ಫಲದಿಂದ ತಿಳಿಯಿರಿ ಎಂಬ ಯೇಸುವಿನ ಮಾತನ್ನು ಎತ್ತಿಕೊಂಡು, ಟ್ರಂಪ್ ಅವರ ಬದುಕು ಫಲ ಕೊಟ್ಟಿದೆ, ಎಷ್ಟೋ ಜನರಿಗೆ ಉದ್ಯೋಗ ಕೊಟ್ಟಿದೆ ಎಂದರು. ಸುಳ್ಳು ಪ್ರವಾದಿಗಳನ್ನು ಗುರುತಿಸಲು ಯೇಸು ಕೊಟ್ಟ ಅಳತೆಗೋಲು ಅದು. ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯ ತೆಗೆದು ನೋಡಿದರೆ, ಸಂಬಳ ಪಟ್ಟಿಯ ಪ್ರಸ್ತಾಪ ಎಲ್ಲೂ ಕಾಣುವುದಿಲ್ಲ. ಎಂಟು ದಿನ ಬಿಟ್ಟು ಫಾಲ್ವೆಲ್ ಬಹಿರಂಗ ಬೆಂಬಲವನ್ನೂ ಘೋಷಿಸಿದರು.

ತಾರೀಖು ಗಮನಿಸಿ. ಅದು ಅಯೋವಾಕ್ಕೂ ಮುಂಚೆ, ಸ್ಕಾಲಿಯಾ ಬದುಕಿದ್ದಾಗ. ಪರದ ಬರಹ ಹೇಳುವ ‘ಬೇರೆ ದಾರಿ ಇರಲಿಲ್ಲ’ ಎಂಬ ಸ್ಥಿತಿ ಆಗ ಇನ್ನೂ ಹುಟ್ಟೇ ಇರಲಿಲ್ಲ. ಬ್ಯಾಪ್ಟಿಸ್ಟ್ ಪಾಸ್ಟರ್ ಆಗಿದ್ದ ಮೈಕ್ ಹಕಬಿ ಕಣದಲ್ಲಿದ್ದರು, ಬೆನ್ ಕಾರ್ಸನ್ ಇದ್ದರು, ಮಾರ್ಕೊ ರುಬಿಯೊ ಇದ್ದರು. ಕ್ರೂಜ್ ಅಂತೂ ತಮ್ಮ ಸ್ಪರ್ಧೆಯನ್ನು 2015ರ ಮಾರ್ಚ್‌ನಲ್ಲಿ ಘೋಷಿಸಿದ್ದೇ ಇದೇ ಲಿಬರ್ಟಿಯ ವೇದಿಕೆಯಿಂದ. ಫೆಬ್ರುವರಿ 20ರಂದು ಸೌತ್ ಕೆರೊಲಿನಾದಲ್ಲಿ ಇವಾಂಜೆಲಿಕಲ್ ಮತದಾರರ ನಡುವೆಯೂ ಟ್ರಂಪ್ ಅವರೇ ಮುಂದಿದ್ದರು. ಮಾರ್ಚ್ 1ರಂದು ಅಲಬಾಮ, ಜಾರ್ಜಿಯಾ, ಟೆನೆಸಿ, ಅರ್ಕನ್ಸಾ – ಬೈಬಲ್ ಪಟ್ಟಿ ಎಂದು ಕರೆಸಿಕೊಳ್ಳುವ ರಾಜ್ಯಗಳು – ಅವರ ಪಾಲಾದವು. ಇವೆಲ್ಲ ನ್ಯಾಯಾಧೀಶರ ಪಟ್ಟಿ ಬರುವ ಕನಿಷ್ಠ ಎರಡೂವರೆ ತಿಂಗಳು ಮೊದಲು. ಕಾಗದ ನೋಡಿ ಮತ ಹಾಕಿದರು ಎಂಬುದು ಆಮೇಲೆ ಕಟ್ಟಿದ ಕತೆ. ಎಲ್ಲರ ಮಟ್ಟಿಗೂ ಅಲ್ಲ, ಒಪ್ಪುತ್ತೇನೆ. ಆದರೆ ಅವರನ್ನು ಅಭ್ಯರ್ಥಿಯನ್ನಾಗಿ ಮಾಡಿದವರ ಮಟ್ಟಿಗೆ ಹೌದು.

ಬೈಬಲ್ಲಿನ ಅರಸ ದಾವೀದನೂ ಪಾಪಿಯೇ ಅಲ್ಲವೇ ಎಂದು ಆಗ ಬಹಳ ಕೇಳಿಬಂತು. ಪರರ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ದಾವೀದ ಮಾಡಿದ್ದು ಘೋರವೇ. ಆದರೆ ಪ್ರವಾದಿ ನಾತಾನ ಎದುರು ನಿಂತು ‘ಆ ಮನುಷ್ಯ ನೀನೇ’ ಎಂದಾಗ ಅರಸ ತಲೆತಗ್ಗಿಸಿ ತಪ್ಪೊಪ್ಪಿಕೊಂಡ. ಈಗ 2015ರ ಜುಲೈನಲ್ಲಿ ಅಯೋವಾದ ಏಮ್ಸ್ ಪಟ್ಟಣದಲ್ಲಿ ನಡೆದದ್ದನ್ನು ನೋಡಿ. ಧಾರ್ಮಿಕ ಮತದಾರರೇ ತುಂಬಿದ್ದ ಸಭೆ. ದೇವರಲ್ಲಿ ಎಂದಾದರೂ ಕ್ಷಮೆ ಕೇಳಿದ್ದೀರಾ ಎಂದು ಸಮೀಕ್ಷಾ ತಜ್ಞ ಫ್ರಾಂಕ್ ಲುಂಟ್ಜ್ ವೇದಿಕೆಯ ಮೇಲೆ ಟ್ರಂಪ್ ಅವರನ್ನು ಕೇಳಿದರು. ಕೇಳಿದ ನೆನಪಿಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದ ಟ್ರಂಪ್, ತಪ್ಪು ಮಾಡಿದರೆ ಸರಿಪಡಿಸಿಕೊಳ್ಳಲು ನೋಡುತ್ತೇನೆ, ಅದಕ್ಕೆ ದೇವರನ್ನು ಎಳೆದು ತರುವುದಿಲ್ಲ ಎಂದರು. ಪಶ್ಚಾತ್ತಾಪವೇ ಬಾಗಿಲು ಎನ್ನುವ ಮತಪಂಥದವರ ಮುಂದೆ, ಮೈಕಿನಲ್ಲಿ! ಆ ಪ್ರಾಮಾಣಿಕತೆಗೆ ನಾನು ಅಂಕ ಕೊಡುತ್ತೇನೆ. ಕೇಳಿಸಿಕೊಂಡೂ ಅವರನ್ನು ‘ಎಳೆಯ ಕ್ರೈಸ್ತ’ ಎಂದು ಕರೆದ ನಾಯಕರಿಗೆ ಕೊಡಲಾರೆ. ಅಷ್ಟೊಂದು ದಾವೀದರ ಪಕ್ಕದಲ್ಲಿ ನಾತಾನನ ಕೆಲಸಕ್ಕೆ ಸಿಕ್ಕವರು ಬೆರಳೆಣಿಕೆಯ ಮಂದಿ. ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಸಾರ್ವಜನಿಕ ನೀತಿ ವಿಭಾಗದ ಮುಖ್ಯಸ್ಥ ರಸೆಲ್ ಮೂರ್ ಒಬ್ಬರು. ಟ್ವಿಟರ್‌ನಲ್ಲಿ ಟ್ರಂಪ್ ಈ ಮೂರ್ ಅವರನ್ನು ಹೀಯಾಳಿಸಿದರು, ಕೆಲವು ಚರ್ಚುಗಳು ಹಣ ತಡೆಹಿಡಿದವು, 2021ರಲ್ಲಿ ಮೂರ್ ಆ ಪಂಗಡವನ್ನೇ ಬಿಟ್ಟರು.

ಇದೇ ಸದರ್ನ್ ಬ್ಯಾಪ್ಟಿಸ್ಟರು 1998ರಲ್ಲಿ, ಬಿಲ್ ಕ್ಲಿಂಟನ್ ಹಗರಣದ ಹೊತ್ತಿನಲ್ಲಿ, ಸಾರ್ವಜನಿಕ ಹುದ್ದೆಯಲ್ಲಿರುವವರ ನೈತಿಕ ಚಾರಿತ್ರ್ಯದ ಬಗ್ಗೆ ಒಂದು ನಿರ್ಣಯ ಅಂಗೀಕರಿಸಿದ್ದರು. ನಾಯಕರ ಘೋರ ತಪ್ಪುಗಳನ್ನು ಸಹಿಸಿಕೊಂಡರೆ ಸಮಾಜದ ಆತ್ಮಸಾಕ್ಷಿಯೇ ಸುಟ್ಟುಹೋಗುತ್ತದೆ ಎಂಬುದು ಅದರ ಸಾರ. ಪಂಗಡದ ಹಿರಿಯ ವಿದ್ವಾಂಸ ಆಲ್ಬರ್ಟ್ ಮೋಲರ್ 2016ರಲ್ಲಿ ಅದನ್ನು ಮರೆತಿರಲಿಲ್ಲ. ಟ್ರಂಪ್ ಅವರನ್ನು ಬೆಂಬಲಿಸುವುದಾದರೆ ಮೊದಲು ಕ್ಲಿಂಟನ್ ಅವರ ಕ್ಷಮೆ ಕೇಳಬೇಕಾಗುತ್ತದೆ ಎಂದರು. 2020ರಲ್ಲಿ ಅದೇ ಮೋಲರ್ ತಮ್ಮ ಮತ ಟ್ರಂಪ್‌ಗೆ ಎಂದು ಪ್ರಕಟಿಸಿದರು. ದೇವಶಾಸ್ತ್ರಜ್ಞ ವೇಯ್ನ್ ಗ್ರೂಡೆಮ್ 2016ರ ಜುಲೈನಲ್ಲಿ ಬೆಂಬಲಿಸಿ ಬರೆದು, ಟೇಪ್ ಬಂದಾಗ ಹಿಂತೆಗೆದುಕೊಂಡು, ಅದೇ ತಿಂಗಳು ಮುಗಿಯುವುದರೊಳಗೆ ಮತ್ತೆ ಬೆಂಬಲಕ್ಕೆ ಮರಳಿದರು. ಸಾಮಾನ್ಯ ಜನರ ಕತೆಯೂ ಇದೇ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವರು ಹುದ್ದೆಯಲ್ಲಿ ನೀತಿಯಿಂದ ನಡೆಯಬಲ್ಲರೇ ಎಂದು ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ 2011ರಲ್ಲಿ ಕೇಳಿದಾಗ ಹೌದು ಎಂದ ಬಿಳಿಯ ಇವಾಂಜೆಲಿಕಲರು ಶೇ 30. 2016ರಲ್ಲಿ ಶೇ 72. ಐದು ವರ್ಷದಲ್ಲಿ ಬೈಬಲ್ ಬದಲಾಗಿರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ, ಇಲ್ಲಿ ಆನೆಯೇ ಸಿಕ್ಕಿದೆ ಎಂಬುದು ಪರದವರ ವಾದ. ಸಿಕ್ಕದ್ದು ನಿಜ. ಆ ಆನೆ ಈಗ ಎಲ್ಲಿದೆ ನೋಡೋಣ.

ರೋ ತೀರ್ಪು ಬಿದ್ದು ಆರು ವಾರದಲ್ಲಿ ಕಾನ್ಸಾಸ್ ಜನಮತ ನಡೆಸಿತು. ಟ್ರಂಪ್ ಎರಡು ಸಲ ಗೆದ್ದಿದ್ದ ರಾಜ್ಯ. ರಾಜ್ಯ ಸಂವಿಧಾನದಿಂದ ಗರ್ಭಪಾತದ ರಕ್ಷಣೆ ತೆಗೆಯುವ ಪ್ರಸ್ತಾವವನ್ನು ಶೇ 59ರಷ್ಟು ಮಂದಿ ತಿರಸ್ಕರಿಸಿದರು. 2023ರ ನವೆಂಬರ್‌ನಲ್ಲಿ ಒಹಾಯೊ ಆ ಹಕ್ಕನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಅದೂ ಟ್ರಂಪ್ ಗೆದ್ದಿದ್ದ ರಾಜ್ಯವೇ. ಕೋರ್ಟನ್ನು ಗೆದ್ದವರು ನೆರೆಹೊರೆಯವರನ್ನು ಒಪ್ಪಿಸಲಾಗಲಿಲ್ಲ. ಯಾರಿಗೆ ನೀತಿ ಹೇಳಲು ಹೋದರೂ 2016 ಎದುರಿಗೆ ಬಂದು ನಿಲ್ಲುತ್ತದೆ. ಹೆಚ್ಚು ಕಡಿಮೆ ಇದೇ ನಂಬಿಕೆಗಳಿರುವ ಕಪ್ಪು ಜನರ ಚರ್ಚುಗಳೊಂದಿಗೆ ಬಿದ್ದ ಬಿರುಕಿನ ಲೆಕ್ಕವೇ ಬೇರೆ.

ಚೌಕಾಸಿಯ ಶಕ್ತಿಯೂ ಹೋಯಿತು. ಗರ್ಭಸ್ಥ ಶಿಶುವಿನ ಹಕ್ಕಿಗಾಗಿ ರಾಷ್ಟ್ರಮಟ್ಟದ ಸಾಂವಿಧಾನಿಕ ತಿದ್ದುಪಡಿ ಬೇಕು ಎಂಬ ಮಾತು ರಿಪಬ್ಲಿಕನ್ ಪ್ರಣಾಳಿಕೆಯಲ್ಲಿ ದಶಕಗಳಿಂದ ಇತ್ತು. 2024ರ ಜುಲೈನಲ್ಲಿ ಟ್ರಂಪ್ ಬಳಗ ಅದನ್ನು ತೆಗೆಸಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ದೇಶವ್ಯಾಪಿ ನಿಷೇಧದ ಮಸೂದೆ ಬಂದರೆ ತಡೆಯುತ್ತೇನೆ ಎಂದು ಅಕ್ಟೋಬರ್‌ನಲ್ಲಿ ಟ್ರಂಪ್ ತಾವೇ ಹೇಳಿದರು. ನವೆಂಬರ್‌ನಲ್ಲಿ ಬಿಳಿಯ ಇವಾಂಜೆಲಿಕಲ್ ಮತ ಮತ್ತೆ ನೂರಕ್ಕೆ 80ರ ಆಸುಪಾಸು.

‘ಸಾಕ್ಷಿ ಸಹಿ’ ಹಾಕಿದ್ದ ಪೆನ್ಸ್ ಅವರ ಕತೆ ಉಳಿಯಿತು. 2023ರಲ್ಲಿ ಅವರೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಒಂದೇ ಮದುವೆ, ಇವಾಂಜೆಲಿಕಲ್ ನಂಬಿಕೆ, ದೇಶಕ್ಕೆಲ್ಲ ಕನಿಷ್ಠ 15 ವಾರಗಳ ಗರ್ಭಪಾತ ಮಿತಿ ಬೇಕೆಂಬ ಖಚಿತ ನಿಲುವು. ಆ ಮೂವರು ನ್ಯಾಯಮೂರ್ತಿಗಳ ನೇಮಕವಾದ ಸರ್ಕಾರದಲ್ಲಿ ಎರಡನೆಯ ಸ್ಥಾನದಲ್ಲಿದ್ದವರು. ಈ ಸಲ ಎದುರಿಗೆ ಹಿಲರಿ ಇರಲಿಲ್ಲ, ಪಕ್ಷದೊಳಗಿನ ಪೈಪೋಟಿ ಅಷ್ಟೆ. ಅಯೋವಾದ ಕಾಕಸ್‌ಗೆ ಎರಡೂವರೆ ತಿಂಗಳು ಇರುವಾಗಲೇ, ಅಕ್ಟೋಬರ್‌ನಲ್ಲಿ, ಬೆಂಬಲ ಸಿಗದೆ ಅವರು ಕಣದಿಂದ ಹಿಂದೆ ಸರಿದರು. 2024ರ ಜನವರಿ 15ರಂದು ಅಯೋವಾದ ಚರ್ಚಿನ ಮತದಾರರು ಟ್ರಂಪ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದರು.