ಹೊಲ-ತೋಟಕ್ಕೆ ಹೈಡ್ರೋಜೆಲ್: ಹಾಕಬೇಕೇ, ಬೇಡವೇ?

ಪರ

ಜೂನ್ ಮಳೆಗೆ ನೆಟ್ಟ ಕಾಫಿ ಗಿಡಕ್ಕೆ ಕಷ್ಟ ಬರೋದು ಮೊದಲ ಬೇಸಿಗೆಯಲ್ಲಿ. ಮೂಡಿಗೆರೆ, ಸಕಲೇಶಪುರದಲ್ಲಿ ಮಳೆಗಾಲ ಎಷ್ಟೇ ಸುರಿದಿರಲಿ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ. ಎಳೆ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಗುಡ್ಡದ ತೋಟಕ್ಕೆ ಪೈಪ್ ಎಳೆಯೋದು ಎಲ್ಲರ ಕೈಲಿ ಆಗುವ ಕೆಲಸವಲ್ಲ.

ನೀರು ಹೀರಿ ಹಿಡಿದಿಡುವ ಹೈಡ್ರೋಜೆಲ್ ಬೇಕಾಗೋದು ಇಲ್ಲೇ. ನೋಡೋಕೆ ದಪ್ಪ ಸಕ್ಕರೆ ಹರಳಿನ ಹಾಗಿರುತ್ತದೆ. ಅರ್ಧ ಚಮಚ ತೆಗೆದು ಮಳೆನೀರಿನ ಲೋಟಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಹರಳು ಉಬ್ಬಿ, ನೀರೆಲ್ಲ ಮುದ್ದೆ ಮುದ್ದೆ ಜೆಲ್ಲಿ ಆಗುತ್ತದೆ. ಮಕ್ಕಳ ಡೈಪರ್ ಒಳಗಿರೋದೂ ಇದೇ ಜಾತಿಯ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು), ಸೋಡಿಯಂ ಪಾಲಿಅಕ್ರಿಲೇಟ್. ಸೋಡಿಯಂ ಜಾಸ್ತಿಯಾದರೆ ಮಣ್ಣಿಗೆ ಒಳ್ಳೆಯದಲ್ಲ, ಹಾಗಾಗಿ ಕೃಷಿಗೆ ಪೊಟ್ಯಾಸಿಯಂ ಇರುವುದನ್ನು ಬಳಸುತ್ತಾರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಸೆಲ್ಯುಲೋಸ್ ಬಳಸಿ ಮಾಡಿದ ಪೂಸಾ ಹೈಡ್ರೋಜೆಲ್ ತನ್ನ ತೂಕದ 350 ಪಟ್ಟು ಶುದ್ಧ ನೀರು ಹಿಡಿಯುತ್ತದೆ. ಬೇರು ಅದರಿಂದ ನೀರು ಎಳೆದುಕೊಳ್ಳುತ್ತದೆ. ಒಣಗಿದ ಹರಳು ಮುಂದಿನ ಮಳೆಗೆ ಮತ್ತೆ ಉಬ್ಬುತ್ತದೆ. ಗುಂಡಿಗೆ ಹಾಕೋದು ಕೆಲವೇ ಗ್ರಾಂ. ಸತ್ತ ಗಿಡ ಕಿತ್ತು, ಹೊಸದು ನೆಟ್ಟು, ಒಂದು ವರ್ಷ ಹಿಂದೆ ಬೀಳೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ವಿರೋಧ

ಮೊದಲು ಲೆಕ್ಕ ಹಾಕೋಣ. ಪೂಸಾ ಹೈಡ್ರೋಜೆಲ್‌ಗೆ ಹೇಳುವ ಪ್ರಮಾಣ ಹೆಕ್ಟೇರಿಗೆ 2.5ರಿಂದ 5 ಕಿಲೋ. ಎಕರೆಗೆ ಹೆಚ್ಚೆಂದರೆ 2 ಕಿಲೋ ಆಯಿತು. 350 ಪಟ್ಟು ಕುಡಿದರೂ 700 ಲೀಟರ್. ಒಂದು ಎಕರೆ ಮೇಲೆ ಬರೀ 1 ಮಿಲಿಮೀಟರ್ ಮಳೆ ಬಿದ್ದರೂ ಸುಮಾರು 4,000 ಲೀಟರ್ ನೀರು! ಕಡೂರಿನ ರಾಗಿ ಹೊಲ ಈ 700 ಲೀಟರ್ ನಂಬಿಕೊಂಡು ಎಷ್ಟು ದಿನ ತಡೆದೀತು?

ಆ 350 ಕೂಡ ಶುದ್ಧ ನೀರಿನ ಮಾತು. ಲೋಟದ ಜೆಲ್ಲಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ ನೋಡಿ. ಜೆಲ್ಲಿ ಸಡಿಲವಾಗಿ ನೀರು ಬಿಟ್ಟುಕೊಳ್ಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾಡೋದೂ ಇದನ್ನೇ. ಬಯಲುಸೀಮೆಯ ಆಳದ ಬೋರ್‌ವೆಲ್ ನೀರು ಎಂಥದ್ದು ಅಂತ ಕಡೂರು, ಅರಸೀಕೆರೆಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಪ್ಯಾಕೆಟ್ ಮೇಲಿನ ಅಂಕಿ ನಂಬಿ ದುಡ್ಡು ಸುರಿಯೋದು ಅನ್ಯಾಯ.

ಕಾಫಿ ಗುಂಡಿಯ ಮಾತು ಬೇರೆ ಅನ್ನಬಹುದು. ಆದರೆ ತಿಂಗಳುಗಟ್ಟಲೆ ಹನಿ ಬೀಳದಿದ್ದರೆ ಗುಂಡಿಯ ಜೆಲ್ಲೂ ಒಣಗುತ್ತದೆ. ಜೆಲ್‌ನಲ್ಲಿರುವ ಅಕ್ರಿಲೇಟ್ ಸರಪಳಿ ಮಣ್ಣಲ್ಲಿ ಬೇಗ ಕೊಳೆಯೋದೂ ಇಲ್ಲ. ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಟ್ಟು ದಪ್ಪಗೆ ದರಗು (ಒಣಗಿದ ಎಲೆ) ಮುಚ್ಚಿದರೆ ಮಣ್ಣೇ ನೀರು ಹಿಡಿಯುತ್ತದೆ, ಜೊತೆಗೆ ಎರೆಹುಳವೂ ಬರುತ್ತದೆ. ಬಯಲಿನ ಹೊಲಕ್ಕೆ ಕೆರೆಗೋಡು (ಕೆರೆಯ ಹೂಳು) ಹೊಡೆಸಿ. ತೋಟದಲ್ಲಿ ನೆರಳಿನ ಮರ ಉದುರಿಸುವ ಎಲೆ ಪುಕ್ಕಟೆ ಸಿಗುತ್ತದೆ. ಅದನ್ನು ಗುಡಿಸಿ ಬೆಂಕಿ ಹಚ್ಚಿ, ಪೇಟೆಯಿಂದ ಜೆಲ್ ತರೋದು ಯಾವ ಲೆಕ್ಕ?